ನಿಂತೊಣಗಿದ ಮರ ಮತ್ತು ದಿಮ್ಮಿ ಮನೆ

ಕಡಿಯುವ ಮೊದಲೇ ಸತ್ತು, ಬೇರಿನ ಮೇಲೆ ನಿಂತ ಹಾಗೆಯೇ ಗಾಳಿ ಬಿಸಿಲಿಗೆ ಒಣಗಿದ ಮರವೇ ನಿಂತೊಣಗಿದ ಮರ. ಇಡೀ ದಿಮ್ಮಿಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸುವ ದಿಮ್ಮಿ ಮನೆಗಳಿಗೆ ಇಂಥ ಮರವನ್ನು ಹುಡುಕಿ ಬಳಸುವ ರೂಢಿ ಉತ್ತರ ಅಮೆರಿಕದ ರಾಕಿ ಪರ್ವತಗಳ ಸೀಮೆಯಲ್ಲಿ ಬಲವಾಗಿದೆ. ಮೊಂಟಾನಾ, ಐಡಹೋ, ವಯೋಮಿಂಗ್, ಕೊಲರಾಡೊ ರಾಜ್ಯಗಳೂ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತವೂ ಇದರಲ್ಲಿ ಸೇರುತ್ತವೆ. ಅಟ್ಲಾಂಟಿಕ್ ಆಚೆಗೆ, ಫಿನ್ಲೆಂಡಿನ ಉತ್ತರ ಭಾಗದಲ್ಲಿ ಇದೇ ರೂಢಿಗೆ ಬೇರೆಯೇ ಒಂದು ಹೆಸರೂ ಬೇರೆಯೇ ಒಂದು ಗೌರವವೂ ಇದೆ.

ಅಮೆರಿಕದ ವ್ಯಾಪಾರಿಗಳು ‘ಡೆಡ್ ಸ್ಟ್ಯಾಂಡಿಂಗ್’ ಎಂದು ಜಾಹೀರಾತು ಕೊಡುವಾಗ ಅದು ಮರದ ಒಂದು ದರ್ಜೆಯ ಹೆಸರೇನೋ ಎನ್ನುವಂತೆ ಕೇಳಿಸುತ್ತದೆ. ಆ ಮಾತಿನಿಂದ ತಿಳಿಯುವುದು ಮರ ನಿಂತಲ್ಲೇ ಸತ್ತಿತು ಎಂಬುದಷ್ಟೇ. ಎಷ್ಟು ಒಣಗಿದೆ, ಎಷ್ಟು ಗಟ್ಟಿಯಾಗಿದೆ ಎಂಬುದನ್ನು ದಿಮ್ಮಿ ದಿಮ್ಮಿಗೂ ಬೇರೆಯಾಗಿ ಅಳೆದು ನೋಡಬೇಕು. ಈ ಸಾಮಗ್ರಿಯ ಒಳಿತು ಕೆಡುಕುಗಳೆಲ್ಲ ಈ ಒಂದು ಎಡವಟ್ಟಿನ ಸುತ್ತಲೇ ಸುತ್ತುತ್ತವೆ.

ತೇವದ ಲೆಕ್ಕ

ಮರದ ತೇವಾಂಶವನ್ನು ಹೇಳುವ ಕ್ರಮ ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಒಲೆಯಲ್ಲಿಟ್ಟು ಪೂರ್ತಿ ಒಣಗಿಸಿದ ಮರದ ತೂಕವನ್ನು ನೂರು ಎಂದಿಟ್ಟುಕೊಂಡು, ಅದರಲ್ಲಿದ್ದ ನೀರು ಎಷ್ಟು ತೂಗುತ್ತಿತ್ತು ಎಂದು ಹೇಳುತ್ತಾರೆ. ಹಾಗಾಗಿ ಅಂಕಿ ನೂರನ್ನು ದಾಟುವುದೂ ಉಂಟು. ರಾಕಿ ಪರ್ವತಗಳ ಮುಖ್ಯ ದಿಮ್ಮಿ ಮರವಾದ ಲಾಡ್ಜ್‌ಪೋಲ್ ಪೈನಿನಲ್ಲಿ, ಜೀವಂತವಿದ್ದಾಗ, ರಸ ಹರಿಯುವ ಹೊರಗಿನ ಬಿಳಿ ಭಾಗದ ತೇವ ಶೇ. 120ರಷ್ಟಿರುತ್ತದೆ, ಒಳಗಿನ ಚೇಗಿನಲ್ಲಿ ಸುಮಾರು ಶೇ. 41. ಇನ್ನೂ ಎತ್ತರದಲ್ಲಿ ಬೆಳೆಯುವ ಎಂಗಲ್‌ಮನ್ ಸ್ಪ್ರೂಸಿನ ಬಿಳಿ ಭಾಗದಲ್ಲಿ ಶೇ. 170ನ್ನೂ ಮೀರುತ್ತದೆ. ಅಂದರೆ ಮರಕ್ಕಿಂತ ನೀರೇ ಹೆಚ್ಚು ತೂಕ.

ಈ ನೀರು ಎರಡು ಜಾಗದಲ್ಲಿದೆ. ಜೀವಕೋಶದ ಟೊಳ್ಳಿನಲ್ಲಿರುವುದು ಒಂದು, ಕೋಶದ ಗೋಡೆಗೇ ಅಂಟಿಕೊಂಡಿರುವುದು ಇನ್ನೊಂದು. ಮೊದಲು ಹೊರಡುವುದು ಟೊಳ್ಳಿನ ನೀರು. ಅದು ಹೋದಾಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವ ಶೇ. 28-30ಕ್ಕೆ ಇಳಿದ ಮೇಲೆ ಗೋಡೆಯ ನೀರು ಬಿಡತೊಡಗುತ್ತದೆ, ಕುಗ್ಗುವಿಕೆಯೂ ಅಲ್ಲಿಂದಲೇ ಶುರು. ಕುಗ್ಗುವುದೂ ಎಲ್ಲ ದಿಕ್ಕಿಗೆ ಒಂದೇ ಸಮನಲ್ಲ. ಲಾಡ್ಜ್‌ಪೋಲ್ ಪೈನ್ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ವರ್ಷದ ಬಳೆಗಳ ಸುತ್ತಳತೆಯ ದಿಕ್ಕಿನಲ್ಲಿ ಶೇ. 6.7, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಶೇ. 4.3 ಕುಗ್ಗುತ್ತದೆ. ಉದ್ದಕ್ಕೆ ಬಹುತೇಕ ಏನೂ ಇಲ್ಲ. ಸುತ್ತಳತೆ ಹೆಚ್ಚು ಕುಗ್ಗಬೇಕು, ತ್ರಿಜ್ಯ ಅಷ್ಟು ಜಾಗ ಬಿಡುವುದಿಲ್ಲ. ಆಗ ದಿಮ್ಮಿ ತೊಗಟೆಯ ಕಡೆಯಿಂದ ತಿರುಳಿನವರೆಗೆ ಸೀಳುತ್ತದೆ. ದುಂಡು ದಿಮ್ಮಿಯ ಬಿರುಕು ರೋಗವಲ್ಲ, ಈ ಎರಡು ಅಂಕಿಗಳ ನಡುವಿನ ಬಾಕಿ. ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಬಾಗಿಲು ಬೇಸಿಗೆಯಲ್ಲಿ ಸಡಿಲವಾಗುವುದನ್ನು ಕಂಡ ಮಲೆನಾಡಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಹಲಗೆಯ ಬಾಗಿಲಿಗಾದರೆ ಇದು ಬಾಚಿಯಿಂದ ಒಂದು ಹೆರೆ ತೆಗೆದರೆ ಮುಗಿಯುವ ತೊಂದರೆ. ದಿಮ್ಮಿ ಮನೆಯಲ್ಲಿ ಇಡೀ ಗೋಡೆಯೇ ಅಡ್ಡ ಮರ, ಆದ್ದರಿಂದ ಪ್ರತಿ ದಿಮ್ಮಿಯ ಕುಗ್ಗುವಿಕೆಯೂ ಎತ್ತರದಲ್ಲಿ ಕೂಡಿಕೊಳ್ಳುತ್ತದೆ. ಹಸಿ ದಿಮ್ಮಿಯಿಂದ ಕಟ್ಟುವ ಕಸಬುದಾರರು ಗೋಡೆಯ ಪ್ರತಿ ಅಡಿಗೆ ಮುಕ್ಕಾಲು ಅಂಗುಲ ಇಳಿತ ಎಂದು ಹಿಡಿಯುತ್ತಾರೆ. ಎಂಟು ಅಡಿ ಗೋಡೆ ಆರು ಅಂಗುಲ, ಅಂದರೆ 15 ಸೆಂ.ಮೀ. ಕೆಳಕ್ಕೆ ಕೂರುತ್ತದೆ. ಅದೂ ಒಂದೇ ದಿನದಲ್ಲಲ್ಲ, ಕೆಲವು ವರ್ಷಗಳ ಅವಧಿಯಲ್ಲಿ. ದಪ್ಪ ದಿಮ್ಮಿಯ ಗೋಡೆ ಕಿಟಕಿಯ ಮೇಲೆ ಹೀಗೆ ಕುಳಿತರೆ ಗಾಜು ಉಳಿಯುವುದಿಲ್ಲ.

ಇದರ ಬದಲು ನಿಂತೊಣಗಿದ ದಿಮ್ಮಿ ಶೇ. 15ರ ತೇವಕ್ಕೆ ಇಳಿದ ಮೇಲೆ ಗೋಡೆಗೆ ಬಂತು, ಚಳಿಗಾಲದ ಒಲೆಯ ಶಾಖಕ್ಕೆ ಶೇ. 10ಕ್ಕೆ ಇಳಿಯಿತು ಎಂದುಕೊಳ್ಳೋಣ. ಕುಗ್ಗುವಿಕೆಯ ಒಟ್ಟು ದಾರಿಯಲ್ಲಿ ಉಳಿದಿರುವುದು ಆರನೆಯ ಒಂದು ಪಾಲು. 2.4 ಮೀಟರ್ ಗೋಡೆಗೆ ಅದು ಸುಮಾರು ಎರಡು ಸೆಂಟಿಮೀಟರ್ ಆಗುತ್ತದೆ. ನಿಂತೊಣಗಿದ ಮರಕ್ಕೆ ಜನ ಹೆಚ್ಚು ಹಣ ಕೊಡುವುದು ಈ 15 ಮತ್ತು 2 ಸೆಂಟಿಮೀಟರ್‌ಗಳ ನಡುವಿನ ವ್ಯತ್ಯಾಸಕ್ಕೆ. ‘ಇಳಿತವೇ ಇಲ್ಲದ ಗೋಡೆ’ ಎಂದು ಮಾರುವವನ ಮಾತಿನಲ್ಲಿ ಆ ಎರಡು ಸೆಂಟಿಮೀಟರ್ ಕಾಣೆಯಾಗಿರುತ್ತದೆ.

ಮರ ಸಾಯುವ ಬಗೆ

ಪೈನನ್ನು ನಿಂತಲ್ಲೇ ಕೊಲ್ಲುವವರಲ್ಲಿ ಮೊದಲ ಹೆಸರು ಮೌಂಟನ್ ಪೈನ್ ಬೀಟಲ್ ಎಂಬ ತೊಗಟೆ ದುಂಬಿಯದು. ಅಕ್ಕಿಕಾಳಿನಷ್ಟು ಗಾತ್ರ, ಉದ್ದ ಸುಮಾರು 5 ಮಿ.ಮೀ. ಬೇಸಿಗೆಯಲ್ಲಿ ಹೆಣ್ಣು ದುಂಬಿ ತೊಗಟೆ ಕೊರೆದು ಒಳಹೊಕ್ಕು, ವಾಸನೆಯ ಸಂಕೇತ ಬಿಟ್ಟು ಉಳಿದವನ್ನು ಕರೆಯುತ್ತದೆ. ಮರ ರಾಳ ಸುರಿಸಿ ಅವನ್ನು ಹೊರದಬ್ಬಲು ನೋಡುತ್ತದೆ. ಕಾಂಡದ ಮೇಲೆ ಮೇಣದ ಗುಳ್ಳೆಗಳಂತೆ ನಿಂತಿರುವ ರಾಳದ ಉಂಡೆಗಳು ಆ ಹೋರಾಟದ ಗುರುತು. ಬರದಿಂದ ಸೊರಗಿದ ಮರಕ್ಕೆ ರಾಳ ಸಾಲುವುದಿಲ್ಲ. ದುಂಬಿಗಳು ತಮ್ಮ ಜತೆಗೆ ಶಿಲೀಂಧ್ರವನ್ನೂ ಹೊತ್ತು ತರುತ್ತವೆ. ಮರಿಹುಳುಗಳು ತೊಗಟೆಯಡಿಯ ಪದರ ಮೇಯುತ್ತಿರುವಾಗ ಶಿಲೀಂಧ್ರ ಬಿಳಿ ಭಾಗಕ್ಕೆ ಇಳಿದು ನೀರೇರುವ ದಾರಿಗಳನ್ನು ಕಟ್ಟಿಹಾಕುತ್ತದೆ. ಮರುವರ್ಷದ ಬೇಸಿಗೆಗೆ ಇಡೀ ಮರ ಕೆಂಪಾಗುತ್ತದೆ. ಇನ್ನೆರಡು ಮೂರು ವರ್ಷಕ್ಕೆ ಎಲೆಯುದುರಿ ಬೂದಿಬಣ್ಣಕ್ಕೆ ತಿರುಗುತ್ತದೆ.

ನೀರಿನ ದಾರಿ ಮುಚ್ಚಿದ ಮರ ಬೇಗ ಒಣಗುತ್ತದೆ. ದುಂಬಿ ಹೊಡೆದ ಲಾಡ್ಜ್‌ಪೋಲಿನ ಹೊರಭಾಗ ವರ್ಷದೊಳಗೇ ಶೇ. 30ರ ಗಡಿ ಮುಟ್ಟುವುದುಂಟು. ಅದನ್ನು ಅಡ್ಡಕ್ಕೆ ಕೊಯ್ದರೆ ನಡುವೆ ಕೆನೆಬಣ್ಣದ ಚೇಗು, ಸುತ್ತಲೂ ತಿರುಳಿನ ಕಡೆಗೆ ಮೊನೆ ಮಾಡಿದ ನೀಲಿಬೂದು ತ್ರಿಕೋನಗಳು ಕಾಣುತ್ತವೆ. ಈ ನೀಲಿ ಕಲೆಯನ್ನು ಕಂಡವರು ಮರ ಕೊಳೆತಿದೆ ಎಂದು ಹೆದರುವುದು ಸಹಜ. ಆದರೆ ಕಲೆಯ ಶಿಲೀಂಧ್ರ ಬದುಕುವುದು ಕೋಶದೊಳಗಿನ ಸಕ್ಕರೆ ಪಿಷ್ಟಗಳ ಮೇಲೆ, ಅದು ಗೋಡೆಯನ್ನು ತಿನ್ನುವುದಿಲ್ಲ. ಭಾರ ಹೊರುವ ಶಕ್ತಿ ಬಹುಪಾಲು ಉಳಿಯುತ್ತದೆ, ಹೊಡೆತ ತಡೆಯುವ ಗುಣ ಸ್ವಲ್ಪ ತಗ್ಗುತ್ತದೆ, ನೀರನ್ನೂ ಬಣ್ಣವನ್ನೂ ಹೀರುವುದು ಹೆಚ್ಚುತ್ತದೆ. ಕೆನಡಾದ ಮಾರಾಟಗಾರರು ಇದಕ್ಕೆ ‘ಡೆನಿಮ್ ಪೈನ್’ ಎಂದು ಹೆಸರಿಟ್ಟು, ದೋಷವನ್ನೇ ಅಲಂಕಾರ ಮಾಡಿ ಮಾರಿದರು.

ಮಾರಲು ಬೇಕಾದಷ್ಟು ಮರವೂ ಇತ್ತು. ನಡುಚಳಿಯಲ್ಲಿ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ಕೆಲವು ದಿನ ಹಿಡಿದರಷ್ಟೇ ಈ ಮರಿಹುಳುಗಳು ಸಾಮೂಹಿಕವಾಗಿ ಸಾಯುತ್ತವೆ. ಅಂಥ ಚಳಿಗಾಲಗಳು ಅಪರೂಪವಾದವು. ಹಿಂದಿನ ಕಾಡ್ಗಿಚ್ಚು ನಂದಿಸುವ ನೀತಿಯಿಂದ ಒಂದೇ ವಯಸ್ಸಿನ ಮುದಿ ಪೈನ್‌ಗಳು ಮೈಲಿಗಟ್ಟಲೆ ನಿಂತಿದ್ದವು. 1990ರ ದಶಕದ ಕೊನೆಯಿಂದ ಬ್ರಿಟಿಷ್ ಕೊಲಂಬಿಯಾದಲ್ಲಿ ಹಬ್ಬಿದ ಪಿಡುಗು 1.8 ಕೋಟಿ ಹೆಕ್ಟೇರಿನಷ್ಟು ಕಾಡನ್ನು ಮುಟ್ಟಿತು. ಇದು ಕರ್ನಾಟಕದ ವಿಸ್ತೀರ್ಣಕ್ಕೆ ಹತ್ತಿರದ ಅಂಕಿ. ಕೊಲರಾಡೊದಲ್ಲೂ ಅದೇ ಹೊತ್ತಿಗೆ ಲಕ್ಷಾಂತರ ಎಕರೆ ಕೆಂಪಾಯಿತು.

ಎಂಗಲ್‌ಮನ್ ಸ್ಪ್ರೂಸನ್ನು ಕೊಲ್ಲುವುದು ಇದರದೇ ಕುಲದ ಇನ್ನೊಂದು ದುಂಬಿ. 1939ರ ಬಿರುಗಾಳಿಗೆ ಕೊಲರಾಡೊದಲ್ಲಿ ಉರುಳಿದ ಮರಗಳಲ್ಲಿ ಅದು ಸಂಖ್ಯೆ ಹೆಚ್ಚಿಸಿಕೊಂಡು, 1940ರ ದಶಕದಲ್ಲಿ ವೈಟ್ ರಿವರ್ ಪ್ರಸ್ಥಭೂಮಿಯ ಸ್ಪ್ರೂಸ್ ಕಾಡನ್ನು ಮುಗಿಸಿತು. ಎತ್ತರದ ತಂಪು, ಒಣ ಹವೆಯಲ್ಲಿ ಸತ್ತ ಸ್ಪ್ರೂಸ್‌ಗಳು ದಶಕಗಟ್ಟಲೆ ಬೀಳದೆ ನಿಲ್ಲುತ್ತವೆ. ದಿಮ್ಮಿ ಮನೆಯವರಿಗೆ ಬಲು ಇಷ್ಟವಾದ ಮರ ಇದೇ. ಹಗುರ, ಬಿಳುಪು, ನೇರ.

ಮೂರನೆಯ ಕಾರಣ ಬೆಂಕಿ. 1988ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸುಮಾರು ಶೇ. 36 ಭಾಗ ಬೆಂಕಿಗೆ ಸಿಕ್ಕಿತು. ಅಲ್ಲಿ ಮರ ಕಡಿಯುವಂತಿಲ್ಲ. ಹೊರಗಿನ ಕಾಡುಗಳಲ್ಲಿ ಬೆಂಕಿ ಹೊಡೆದ ಡಗ್ಲಸ್ ಫರ್, ಲಾರ್ಚ್ ಮರಗಳು ದಿಮ್ಮಿಗೆ ಬರುತ್ತವೆ. ಮಸಿ ಕೈಗೂ ಗರಗಸದ ಹಲ್ಲಿಗೂ ಉಪದ್ರವ ಕೊಟ್ಟರೂ ತೊಗಟೆಯಡಿಯ ಮರ ಹಲವು ಬಾರಿ ಚೊಕ್ಕವಾಗಿರುತ್ತದೆ.

ನಿಂತೇ ಏಕೆ ಒಣಗಬೇಕು?

ಸತ್ತು ನೆಲಕ್ಕೆ ಬಿದ್ದ ಮರವೂ ಸತ್ತ ಮರವೇ. ಆದರೆ ಮಣ್ಣಿಗೆ ತಾಗಿದ ಮರ ನೆಲದ ತೇವ ಹೀರುತ್ತದೆ, ಕೊಳೆಸುವ ಶಿಲೀಂಧ್ರಕ್ಕೆ ಅಷ್ಟು ಸಾಕು. ತೇವ ಶೇ. 20ಕ್ಕಿಂತ ಕೆಳಗಿದ್ದರೆ ಆ ಶಿಲೀಂಧ್ರ ಬೆಳೆಯಲಾರದು. ನಿಂತ ಕಾಂಡದ ಮೇಲೆ ಮಳೆ ಜಾರಿಹೋಗುತ್ತದೆ, ಹಿಮ ಕೂರುವುದಿಲ್ಲ, ಗಾಳಿ ಎಲ್ಲ ಕಡೆಯಿಂದ ತಾಗುತ್ತದೆ. ರಾಕಿ ಪರ್ವತಗಳ ಎತ್ತರದಲ್ಲಿ ಬೇಸಿಗೆ ಒಣ, ಚಳಿಗಾಲ ಇನ್ನೂ ಒಣ. ಅದೇ ಮರ ಪೆಸಿಫಿಕ್ ಕರಾವಳಿಯ ಜಡಿಮಳೆಯಲ್ಲಿ ಸತ್ತಿದ್ದರೆ ಒಣಗುವ ಮೊದಲೇ ಕುಂಬಾಗುತ್ತಿತ್ತು. ನಮ್ಮ ಆಗುಂಬೆಯಲ್ಲಿ ಈ ಉಪಾಯ ನಡೆಯದಿರುವುದಕ್ಕೂ ಕಾರಣ ಅದೇ.

ಒಣಗುವುದು ಮುಗಿದು ಕೊಳೆಯುವುದು ಶುರುವಾಗದ ನಡುವಿನ ಆ ಅವಧಿ ಶಾಶ್ವತವಲ್ಲ. ಬುಡ ನೆಲ ಸೇರುವಲ್ಲಿ ತೇವ ಎಂದೂ ಆರುವುದಿಲ್ಲ. ಅಲ್ಲಿಂದ ಕೊಳೆತ ಮೇಲೇರಿ, ಬೇರು ಸಡಿಲಾಗಿ, ಒಂದು ದಿನ ಗಾಳಿ ಕೆಡವುತ್ತದೆ. ಆದ್ದರಿಂದ ಬುಡದ ಒಂದೆರಡು ಅಡಿ ಕೊಯ್ದು ಬಿಸಾಡುವುದು ವಾಡಿಕೆ. ಕಾಡಿನಲ್ಲಿ ಮರ ಆರಿಸುವವನು ಕೊಡಲಿಯ ಹಿಂಬದಿಯಿಂದ ಬುಡಕ್ಕೂ ಎದೆಮಟ್ಟಕ್ಕೂ ಬಡಿದು ಕೇಳುತ್ತಾನೆ. ಗಟ್ಟಿ ಮರ ಟಣ್ ಎನ್ನುತ್ತದೆ, ಟೊಳ್ಳು ಮರದ ದನಿ ಮಡಕೆಯೊಳಗಿನಿಂದ ಬಂದಂತೆ. ತೊಗಟೆ ಅರ್ಧ ಉದುರಿದೆಯೇ, ಅದರಡಿಯ ಮರ ಉಗುರಿಗೆ ಮೆತ್ತಗೆ ಸಿಗುತ್ತದೆಯೇ, ಮರಕುಟಿಗ ತೋಡಿದ ತೂತಿದೆಯೇ ಎಂದು ನೋಡುತ್ತಾನೆ. ಮರಕುಟಿಗ ಗೂಡು ಮಾಡಿದ ಮರವನ್ನು ಬಿಡುವುದೇ ಮೇಲು. ಒಳಗೆ ಮೆತ್ತಗಾಗಿದ್ದರಿಂದಲೇ ಹಕ್ಕಿ ಅದನ್ನು ಆರಿಸಿಕೊಂಡಿರುತ್ತದೆ.

ತೊಗಟೆ ಉದುರಿದ ಕಾಂಡದಿಂದ ಇನ್ನೊಂದು ಉಪಕಾರವಿದೆ. ನಾರು ನೇರವಾಗಿದೆಯೋ, ಹಗ್ಗದಂತೆ ಹೊಸೆದುಕೊಂಡಿದೆಯೋ ಎಂಬುದನ್ನು ಬಿರುಕಿನ ಗೆರೆಯೇ ತೋರಿಸುತ್ತದೆ. ಬಲಗೈಯನ್ನು ದಿಮ್ಮಿಯ ಮೇಲೆ, ಬೆರಳುಗಳು ಅದರ ಉದ್ದಕ್ಕೆ ಚಾಚುವಂತೆ ಇಡಬೇಕು. ಗೆರೆ ಹೆಬ್ಬೆರಳಿನ ಕಡೆಗೆ ವಾಲಿದರೆ ಎಡತಿರುಚು, ಕಿರುಬೆರಳಿನ ಕಡೆಗೆ ವಾಲಿದರೆ ಬಲತಿರುಚು. ಎಡತಿರುಚಿನ ಮರ ಒಣಗುವಾಗ ಹೆಚ್ಚು ತಿರುಚಿಕೊಳ್ಳುತ್ತದೆ. ಅದನ್ನು ಗೋಡೆಯ ಅತಿ ಕೆಳಸಾಲಿಗೋ ಗಿಡ್ಡ ತುಂಡುಗಳಾಗಿಯೋ ಮಾತ್ರ ಬಳಸುತ್ತಾರೆ. ಹಸಿ ಮರದಲ್ಲಿ ಈ ಸ್ವಭಾವ ತೊಗಟೆಯಡಿ ಅಡಗಿದ್ದು, ಗೋಡೆಗೆ ಏರಿದ ಮೇಲೆ ಹೊರಬೀಳುವುದುಂಟು.

ಕಡಿಯುವ ಕೆಲಸ ಅಪಾಯದ್ದು. ಒಣಗಿದ ತುದಿಗೆ ಬಳುಕು ಇಲ್ಲ. ಬುಡಕ್ಕೆ ಗರಗಸ ಹಾಕಿದ ಅದುರಿಗೇ ಮೇಲಿನ ಕೊಂಬೆ ಮುರಿದು ನೆತ್ತಿಯ ಮೇಲೆ ಬೀಳಬಹುದು. ಅಮೆರಿಕದ ಮರ ಕಡಿಯುವವರು ಇಂಥ ಕೊಂಬೆಯನ್ನು ‘ವಿಡೋಮೇಕರ್’ ಎನ್ನುತ್ತಾರೆ, ಅಂದರೆ ಮನೆಯಲ್ಲಿದ್ದವಳ ತಾಳಿ ಕೀಳುವಂಥದ್ದು.

ಬಡಗಿಯ ಕೈಯಲ್ಲಿ

30 ಸೆಂ.ಮೀ. ವ್ಯಾಸದ, 9 ಮೀಟರ್ ಉದ್ದದ ಲಾಡ್ಜ್‌ಪೋಲ್ ದಿಮ್ಮಿ ಹಸಿಯಾಗಿದ್ದಾಗ ಸುಮಾರು 400 ಕೆ.ಜಿ. ತೂಗುತ್ತದೆ, ಒಣಗಿದಾಗ 300. ಲಾರಿಗೂ ಕ್ರೇನಿಗೂ ಇದರಿಂದ ಹಗುರ. ಆದರೆ ಕೈಗೆ ಹಗುರವಲ್ಲ. ವಸಂತದಲ್ಲಿ ಕಡಿದ ಹಸಿ ಮರದ ತೊಗಟೆ ಬಾಳೆಪಟ್ಟೆಯಂತೆ ಸುಲಿದು ಬರುತ್ತದೆ. ಒಣಮರದಲ್ಲಿ ತೊಗಟೆ ಬಿದ್ದರೂ ಅದರಡಿಯ ಕಂದು ಪೊರೆ ಅಂಟಿಕೊಂಡೇ ಇರುತ್ತದೆ. ಎರಡೂ ತುದಿಗೆ ಹಿಡಿಯಿರುವ ಕತ್ತಿಯನ್ನು ಎದೆಯ ಕಡೆಗೆ ಎಳೆದೆಳೆದು ಅದನ್ನು ಹೆರೆಯಬೇಕು. ಎಲ್ಲವೂ ಸಮನಾಗಿ ಹೋಗದೆ ಅಲ್ಲಲ್ಲಿ ಕಂದು ಪಟ್ಟೆ ಉಳಿಯುತ್ತದೆ. ಕೈಹೆರೆತದ ಗುರುತು ಎಂದು ಕೊಳ್ಳುವವರು ಈಗ ಅದನ್ನೇ ಕೇಳಿ ಪಡೆಯುತ್ತಾರೆ. ಒಣಮರ ಗರಗಸವನ್ನು ಬೇಗ ಮೊಂಡು ಮಾಡುತ್ತದೆ, ಹೊಟ್ಟಿನ ಬದಲು ಧೂಳೆಬ್ಬಿಸುತ್ತದೆ.

ಮೂಲೆಯಲ್ಲಿ ದಿಮ್ಮಿಗಳು ಒಂದನ್ನೊಂದು ದಾಟುವಲ್ಲಿ ಕೊರೆಯುವ ಕಚ್ಚಿನ ವಿಷಯದಲ್ಲೂ ಕಸಬು ಬದಲಾಗುತ್ತದೆ. ಹಸಿ ದಿಮ್ಮಿಯ ನುರಿತ ಬಡಗಿ ತಡಿಯಾಕಾರದ ಕಚ್ಚನ್ನು ಬೇಕೆಂದೇ ಸ್ವಲ್ಪ ಬಿಗಿಯಾಗಿ, ಮುಂದೆ ಮರ ಕುಗ್ಗಿದಾಗ ಇನ್ನೂ ಬಿಗಿಯುವಂತೆ ಕೊರೆಯುತ್ತಾನೆ. ಒಣ ದಿಮ್ಮಿ ಅಷ್ಟು ಕುಗ್ಗುವುದಿಲ್ಲವಾದ್ದರಿಂದ ಇಂದು ಕೂತಂತೆಯೇ ಮುಂದೆಯೂ ಕೂತಿರುತ್ತದೆ. ಅಳತೆ ತಪ್ಪಿದರೆ ಕಾಲ ಅದನ್ನು ಸರಿಮಾಡಿಕೊಡುವುದಿಲ್ಲ. ಹೀಗಾಗಿ ಪಶ್ಚಿಮ ಅಮೆರಿಕದಲ್ಲಿ ಒಣ ದಿಮ್ಮಿಗಳ ನಡುವೆ ಸಂದಿ ಬಿಟ್ಟು, ಹಿಗ್ಗಿ ಕುಗ್ಗುವ ಗಾರೆಯಂಥ ಮೆತ್ತೆ ತುಂಬುವ ಪದ್ಧತಿ ಹೆಚ್ಚು.

ಎರಡು ಸೆಂಟಿಮೀಟರ್ ಇಳಿತಕ್ಕೂ ಏರ್ಪಾಡು ಬೇಕು. ಕಿಟಕಿಯ ಚೌಕಟ್ಟಿನ ನೆತ್ತಿಗೂ ಅದರ ಮೇಲಿನ ದಿಮ್ಮಿಗೂ ನಡುವೆ ಖಾಲಿ ಬಿಟ್ಟು, ಉಣ್ಣೆಯಂಥದ್ದನ್ನು ತುರುಕಿ, ಮರೆಹಲಗೆಯನ್ನು ಮೇಲಿನ ದಿಮ್ಮಿಗೆ ಮಾತ್ರ ಮೊಳೆ ಹೊಡೆದು ಕೂರಿಸುತ್ತಾರೆ. ಗೋಡೆ ಇಳಿದಾಗ ಹಲಗೆ ಚೌಕಟ್ಟಿನ ಮುಂದೆ ಜಾರುತ್ತದೆ. ಅವಸರದ ಕೆಲಸಗಾರನೊಬ್ಬ ಅದೇ ಹಲಗೆಗೆ ಕೆಳಗಿನಿಂದಲೂ ಒಂದು ಮೊಳೆ ಹೊಡೆದರೆ ಇಡೀ ಏರ್ಪಾಡು ಕೆಟ್ಟಿತು. ನೆಟ್ಟಗೆ ನಿಲ್ಲುವ ಕಂಬ ಉದ್ದಕ್ಕೆ ಕುಗ್ಗದ ಕಾರಣ ಅದರ ಬುಡದಲ್ಲಿ ಸ್ಕ್ರೂ ಜಾಕ್ ಇಟ್ಟು, ಗೋಡೆ ಇಳಿದಷ್ಟೂ ತಿರುಗಿಸಿ ತಗ್ಗಿಸುತ್ತ ಬರಬೇಕು.

ಬಿರುಕುಗಳ ಬಗ್ಗೆ ಒಂದು ಎಚ್ಚರ. ನಿಂತೊಣಗಿದ ದಿಮ್ಮಿಯಲ್ಲಿ ಅವು ಮೊದಲೇ ಬಿದ್ದಿರುತ್ತವೆ, ಹೊಸ ಬಿರುಕಿನ ಕಾಟ ಕಡಿಮೆ. ಆದರೆ ಹೊರಗೋಡೆಯಲ್ಲಿ ಆಕಾಶಕ್ಕೆ ಬಾಯಿಬಿಟ್ಟ ಬಿರುಕು ಮಳೆನೀರಿನ ಬೋಗುಣಿ. ಎಷ್ಟು ವರ್ಷ ನಿಂತೊಣಗಿದ ಮರವಾದರೂ ಅಲ್ಲಿ ಕೊಳೆಯುತ್ತದೆ. ಬಲ್ಲವರು ದಿಮ್ಮಿಯನ್ನು ಉರುಳಿಸಿ ದೊಡ್ಡ ಬಿರುಕು ಕೆಳಮುಖವಾಗಿ, ಸಾಧ್ಯವಾದರೆ ಕೂಡಿನೊಳಗೆ ಮರೆಯಾಗುವಂತೆ ಇಡುತ್ತಾರೆ. ಸೂರನ್ನು ಅಗಲವಾಗಿ ಇಳಿಬಿಡುವುದೂ ಪಾಯವನ್ನು ನೆಲದಿಂದ ಎತ್ತರಿಸುವುದೂ ಬೇರೆ ಯಾವ ಲೇಪಕ್ಕಿಂತ ಹೆಚ್ಚು ಬಾಳಿಕೆ ಕೊಡುತ್ತವೆ.

ತೇವ ಅಳೆಯುವ ಮೀಟರಿನ ಚಿಕ್ಕ ಮುಳ್ಳುಗಳು ಹೊರಮೈಯನ್ನಷ್ಟೇ ಬಲ್ಲವು. ಹೊರಗೆ ಶೇ. 12 ತೋರುವ ದಪ್ಪ ದಿಮ್ಮಿಯ ಬುಡದಲ್ಲಿ ಶೇ. 25 ಇರಬಹುದು. ಉದ್ದ ಮುಳ್ಳು ಬಡಿದು ಒಳಗನ್ನು ಅಳೆಯಬೇಕು, ಇಲ್ಲವೇ ತುದಿಯಿಂದ ಸಾಕಷ್ಟು ಒಳಗೆ ಒಂದು ಬಿಲ್ಲೆ ಕೊಯ್ದು ತೂಗಿ, ಒಲೆಯಲ್ಲಿ ಒಣಗಿಸಿ ಮತ್ತೆ ತೂಗಬೇಕು. ಕೊಂಡು ತಂದ ದಿಮ್ಮಿಗಳನ್ನು ಒಂದು ಮಳೆಗಾಲ ನೆಲದ ಮೇಲೆ ರಾಶಿ ಹಾಕಿದರೆ ಕಾಡು ಒಣಗಿಸಿಕೊಟ್ಟದ್ದೆಲ್ಲ ಹೋಯಿತು. ಈ ತೇವ, ಇಳಿತಗಳ ಲೆಕ್ಕವೂ ಸೇರಿದಂತೆ ಅಮೆರಿಕದಲ್ಲಿ ದಿಮ್ಮಿ ಕಟ್ಟಡಗಳಿಗೆ 2007ರಿಂದ ಐಸಿಸಿ 400 ಎಂಬ ಪ್ರತ್ಯೇಕ ಮಾನದಂಡವಿದೆ.

ಹುಳುವಿನ ಮಾತೂ ಬರಬೇಕು. ತೊಗಟೆ ದುಂಬಿ ಒಣಮರದಲ್ಲಿ ಬಾಳುವುದಿಲ್ಲ. ಅದರ ಹೆಸರು ಕೇಳಿ ಮನೆಗೆ ಕುಟ್ಟೆ ಹತ್ತೀತೆಂದು ಹೆದರುವುದು ಬೇಡ. ಆದರೆ ಸತ್ತ ಮರಕ್ಕೆ ಮೊಟ್ಟೆಯಿಡುವ ಬೇರೆ ಕೊರಕಗಳಿವೆ. ಹೊನ್ನಹಸಿರು ಹೊಳಪಿನ ಒಂದು ಬುಪ್ರೆಸ್ಟಿಸ್ ದುಂಬಿಯ ಮರಿಹುಳು ಒಣಮರದಲ್ಲಿ ಹಸಿವು ತಾಳಿಕೊಂಡು ನಿಧಾನವಾಗಿ ಬೆಳೆಯುತ್ತದೆ. ಮನೆಗೆ ಬಳಸಿದ ಮರದಿಂದ 51 ವರ್ಷದ ನಂತರ ದುಂಬಿ ಹೊರಬಂದದ್ದು ದಾಖಲಾಗಿದೆ. ಮನೆ ಕಟ್ಟಿಸಿದವನ ಮೊಮ್ಮಕ್ಕಳ ಕಾಲಕ್ಕೆ ಗೋಡೆಯಿಂದ ಅತಿಥಿ! ದಿಮ್ಮಿಗಳಿಗೆ ಬೋರೇಟ್ ಲವಣ ಹಚ್ಚುವುದು, ಒಲೆಕೋಣೆಯಲ್ಲಿ ಒಳತಿರುಳಿನವರೆಗೆ ಕಾಯಿಸುವುದು ಇದಕ್ಕೆ ಮದ್ದು.

ಕೆಲೊ, ತೇಗ, ಹಳೆಯ ಜಾಣ್ಮೆ

ಫಿನ್ಲೆಂಡಿನಲ್ಲಿ ನಿಂತೊಣಗಿದ ಪೈನಿಗೆ ಕೆಲೊ ಎನ್ನುತ್ತಾರೆ. ಎಲ್ಲ ಸತ್ತ ಪೈನೂ ಕೆಲೊ ಆಗುವುದಿಲ್ಲ. ಬಡ ನೆಲದಲ್ಲಿ, ಲ್ಯಾಪ್‌ಲೆಂಡಿನ ಚಳಿಯಲ್ಲಿ ನೂರಾರು ವರ್ಷ ಮೆಲ್ಲಗೆ ಬೆಳೆದು, ದಶಕಗಟ್ಟಲೆ ಮೆಲ್ಲಗೆ ಸಾಯುತ್ತ ರಾಳ ತುಂಬಿಕೊಂಡ ಮರ, ತೊಗಟೆ ಕಳಚಿ ಬೆಳ್ಳಿಯ ಬಣ್ಣಕ್ಕೆ ತಿರುಗಿ, ಮತ್ತೆ ಎಷ್ಟೋ ತಲೆಮಾರು ನಿಂತಿರುತ್ತದೆ. ಇದರ ಗುಡಿಸಿಲುಗಳಲ್ಲಿ ಹೊರಮೈಯನ್ನು ಹೆರೆಯುವುದಿಲ್ಲ; ಆ ಬೂದುಬೆಳ್ಳಿಯೇ ಅದರ ಬೆಲೆ. ನೂರು ವರ್ಷದೊಳಗೆ ಕಡಿದು ಮತ್ತೆ ನೆಡುವ ವಾಣಿಜ್ಯ ಕಾಡಿನಲ್ಲಿ ಕೆಲೊ ಹುಟ್ಟಲು ಸಮಯವೇ ಇಲ್ಲ. ಆದ್ದರಿಂದ ಗಡಿಯಾಚೆಯ ರಷ್ಯಾದಿಂದ ತರಿಸುತ್ತಿದ್ದರು. ಕೆಲೊವನ್ನೇ ನೆಚ್ಚಿದ ಶಿಲೀಂಧ್ರಗಳೂ ಇವೆ, ಮರ ಮನೆಯಾದಷ್ಟು ಅವುಗಳ ನೆಲೆ ಕಿರಿದಾಗುತ್ತದೆ.

ಮರವನ್ನು ನಿಲ್ಲಿಸಿಯೇ ಒಣಗಿಸುವ ಉಪಾಯ ಇನ್ನೂ ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ, ಮರವನ್ನು ತಿರುಳಿನ ಮಟ್ಟಕ್ಕೆ ಕೊಯ್ದು ಹಾಗೆಯೇ ಬಿಟ್ಟು, ರಸ ಇಳಿದು ಹೋದ ಮೇಲೆ ಕೆಡವಬೇಕೆಂದು ಹೇಳಿದ್ದಾನೆ. ಬರ್ಮಾದ ತೇಗದ ಕಾಡುಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ, ಸಾಗಿಸಲು ನದಿಯೇ ದಾರಿ. ಅದಕ್ಕೆ ಬುಡದ ಸುತ್ತ ತೊಗಟೆಯನ್ನೂ ಬಿಳಿ ಭಾಗವನ್ನೂ ಬಳೆಯಂತೆ ಕಡಿದು ಎರಡು ಮೂರು ವರ್ಷ ನಿಲ್ಲಿಸುತ್ತಿದ್ದರು. ಆಮೇಲೆ ಉರುಳಿಸಿ, ಆನೆಗಳಿಂದ ಎಳೆಸಿ, ಮಳೆಗಾಲದ ಪ್ರವಾಹಕ್ಕೆ ಬಿಟ್ಟು ರಂಗೂನ್, ಮೌಲ್ಮೇನ್‌ಗಳ ಗರಗಸದ ಗಿರಣಿಗೆ ತೇಲಿಸುತ್ತಿದ್ದರು. ನಮ್ಮ ಹಳೆಯ ಮನೆಗಳ ಕಂಬ ಬಾಗಿಲುಗಳನ್ನು ತೋರಿಸಿ ‘ಬರ್ಮಾ ತೇಗ, ಒಂದು ಕೂದಲೂ ಅಲ್ಲಾಡಿಲ್ಲ’ ಎನ್ನುವಾಗ ಆ ಮೆಚ್ಚುಗೆಯಲ್ಲಿ ಒಂದು ಪಾಲು ಈ ಬಳೆಕಡಿತಕ್ಕೂ ಸೇರಬೇಕು.

ಕಾಡಿನ ಪಾಲು

ಸತ್ತ ಮರ ಯಾರಿಗೂ ಬೇಡದ್ದು, ಕಡಿದರೆ ಕಾಡಿಗೆ ಲಾಭವೇ ಎಂಬ ವಾದ ಈ ವ್ಯಾಪಾರದಲ್ಲಿ ಪದೇ ಪದೇ ಕೇಳುತ್ತದೆ. ಪೂರ್ತಿ ಒಪ್ಪುವಂತಿಲ್ಲ. ನಿಂತ ಸತ್ತ ಮರದಲ್ಲಿ ಮರಕುಟಿಗ ತೋಡಿದ ಪೊಟರೆಗೆ ಮುಂದೆ ನೀಲಿಹಕ್ಕಿ, ಗೂಬೆ, ಹಾರುವ ಅಳಿಲು ಸಂಸಾರ ಹೂಡುತ್ತವೆ. ಕಪ್ಪುಬೆನ್ನಿನ ಮರಕುಟಿಗವಂತೂ ಸುಟ್ಟ ಕಾಡನ್ನೇ ಹುಡುಕಿಕೊಂಡು ಬರುತ್ತದೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಒಣಮರ ತೆಗೆಯಲು ಪರವಾನಗಿ ಬೇಕು, ಎಷ್ಟೋ ಕಡೆ ಎಕರೆಗೆ ಇಂತಿಷ್ಟು ಒಣಮರ ನಿಲ್ಲಿಸಿಯೇ ಬಿಡಬೇಕೆಂಬ ಕಟ್ಟಳೆಯಿದೆ. ಇನ್ನೊಂದು ಕಡೆ, ದುಂಬಿ ಕೊಂದ ಕೋಟ್ಯಂತರ ಮರಗಳಲ್ಲಿ ಮನೆಗೆ ಸಲ್ಲುವಷ್ಟು ನೇರ, ದಪ್ಪ, ಗಟ್ಟಿ ಕಾಂಡಗಳು ಸಣ್ಣ ಪಾಲು. ಬಹುಪಾಲು ಹಲಗೆ, ಕಾಗದ, ಸೌದೆಯ ಗುಳಿಗೆಯಾದವು ಇಲ್ಲವೇ ನಿಂತಲ್ಲೇ ಬಿದ್ದವು. ಬೆಂಕಿಯ ಶಾಖಕ್ಕಷ್ಟೇ ಬಾಯಿಬಿಡುವ ಲಾಡ್ಜ್‌ಪೋಲ್ ಕಾಯಿಗಳಿಂದ ಯೆಲ್ಲೊಸ್ಟೋನಿನಲ್ಲಿ 1988ರ ಬೂದಿಯ ಮೇಲೆ ಎದ್ದ ಸಸಿಗಳು ಇಂದು ಆಳುದ್ದ ದಾಟಿ ದಟ್ಟವಾಗಿ ನಿಂತಿವೆ. ಅವುಗಳ ನಡುವೆ ಅಂದಿನ ಬೂದುಗಂಬಗಳಲ್ಲಿ ಕೆಲವು ಇನ್ನೂ ಬಿದ್ದಿಲ್ಲ.